ಕೃಷಿ ಹೊಂಡದಲ್ಲಿ ಮೊಟ್ಟೆ ಕಂಡಿತು, ಮರಿ ಏಕೆ ಕಾಣಲಿಲ್ಲ?

ಪ್ರಶ್ನೆ: ನಾನು ಮುಳಬಾಗಿಲು ತಾಲ್ಲೂಕಿನ ರೈತ. 21 ಮೀಟರ್ ಉದ್ದ, 21 ಮೀಟರ್ ಅಗಲ, 3 ಮೀಟರ್ ಆಳದ ಕೃಷಿ ಹೊಂಡವಿದೆ. ತಳಕ್ಕೆ ಪ್ಲಾಸ್ಟಿಕ್ ಹಾಳೆ ಹೊದಿಸಿದ್ದೇವೆ. ಕೊಳವೆಬಾವಿ ನೀರು ತುಂಬಿಸಿಕೊಂಡು ಟೊಮೆಟೊಗೆ ಹನಿ ನೀರಾವರಿ ಮಾಡುತ್ತೇನೆ. ಎರಡೂವರೆ ವರ್ಷದ ಹಿಂದೆ ಕಾಟ್ಲಾ, ರೋಹು, ಸಾಮಾನ್ಯ ಗೆಂಡೆ ಮರಿಗಳನ್ನು ಬಿಟ್ಟಿದ್ದೆ. ಈ ಜನವರಿ ಕೊನೆಯಲ್ಲಿ ಹೊಂಡ ತುಂಬಿಸಿದ ಮರುದಿನ ಬೆಳಗಿನ ಜಾವ ಗೆಂಡೆಗಳು ಅಂಚಿನಲ್ಲಿ ನೀರು ಬಡಿಯುತ್ತ ಓಡಾಡಿದವು. ಬೆಳಕು ಹರಿದಾಗ ಅಂತರಗಂಗೆಯ ಬೇರಿಗೂ ಪ್ಲಾಸ್ಟಿಕ್ ಹಾಳೆಗೂ ಸಾವಿರಾರು ಮೊಟ್ಟೆಗಳು ಅಂಟಿದ್ದವು. ಮರುದಿನ ಬಹುಪಾಲು ಬೆಳ್ಳಗಾದವು, ಮೂರನೆಯ ದಿನ ಹತ್ತಿ ಬೆಳೆದಂತಾಯಿತು. ಒಂದು ಮರಿಯೂ ಸಿಗಲಿಲ್ಲ. ಕಳೆದ ಜೂನ್‌ನಲ್ಲಿ ಬಲೆಗೆ ಬಿದ್ದ ಕಾಟ್ಲಾದ ಹೊಟ್ಟೆ ತುಂಬ ಮೊಟ್ಟೆ ಇತ್ತು, ಆದರೆ ಅವು ಇಡಲೇ ಇಲ್ಲ. ಗುಡುಗು ಬಂದರೆ ಮಾತ್ರ ಮೊಟ್ಟೆ ಒಡೆಯುತ್ತದೆ, ಇಡದೆ ಉಳಿದರೆ ಮೀನು ಹೊಟ್ಟೆ ಒಡೆದು ಸಾಯುತ್ತದೆ ಎಂದು ಹಿರಿಯರು ಹೇಳುತ್ತಾರೆ. ವರ್ಷಗಟ್ಟಲೆ ಒಣಗಿದ್ದ ನಮ್ಮೂರ ಕೆರೆ ತುಂಬಿದಾಗ ಯಾರೂ ಬಿಡದೆಯೇ ಮೀನು ಬಂದವು, ಆ ಕೆರೆಯ ಗೋಡು ಮಣ್ಣು ತಂದು ಹಾಕಿದರೆ ಮರಿ ಆಗುತ್ತದೆಯೇ? ಒಬ್ಬರು ಬಂದು ಇಂಜೆಕ್ಷನ್ ಕೊಟ್ಟು ಕಾಟ್ಲಾ ಮೊಟ್ಟೆ ಇಡಿಸುತ್ತೇನೆ ಎನ್ನುತ್ತಿದ್ದಾರೆ. ಲಾರಿಯಲ್ಲಿ ತರುವ ಮರಿ ವಾರದೊಳಗೆ ಸಾಯುತ್ತಿರುವುದರಿಂದ ನನ್ನದೇ ಮರಿ ಮಾಡಿಕೊಳ್ಳಬೇಕೆಂಬ ಆಸೆ. ದಾರಿ ತಿಳಿಸಿ.

ಉತ್ತರ: ಮೊಟ್ಟೆ ಇಟ್ಟ ಗೆಂಡೆಯ ಮರಿ ಏಕೆ ಉಳಿಯಲಿಲ್ಲ, ಹೊಟ್ಟೆ ತುಂಬಿದ್ದ ಕಾಟ್ಲಾ ಏಕೆ ಮೊಟ್ಟೆ ಇಡಲಿಲ್ಲ ಎಂಬ ಎರಡು ಪ್ರಶ್ನೆಗಳು ನಿಮ್ಮ ಪತ್ರದಲ್ಲಿವೆ. ಒಂದೇ ಹೊಂಡದ ಮೀನುಗಳಾದರೂ ಇವುಗಳ ಸಂತಾನದ ರೀತಿಯೇ ಬೇರೆ ಬೇರೆ. ಗೆಂಡೆಯಿಂದ ಶುರು ಮಾಡೋಣ, ಏಕೆಂದರೆ ನಿಮ್ಮ ಕೈಗೆಟಕುವುದು ಅದೇ.

ಸಾಮಾನ್ಯ ಗೆಂಡೆ ನಿಂತ ನೀರಿನಲ್ಲೇ ಮೊಟ್ಟೆ ಇಡುವ ಮೀನು. ನಮ್ಮ ಹವೆಯಲ್ಲಿ ವರ್ಷ ತುಂಬುವ ಮೊದಲೇ ಬಲಿಯುತ್ತದೆ. ಜನವರಿಯಿಂದ ಮಾರ್ಚ್‌ವರೆಗೆ ಒಮ್ಮೆ, ಜುಲೈ–ಆಗಸ್ಟ್‌ನಲ್ಲಿ ಮತ್ತೊಮ್ಮೆ ಅದರ ಹಂಗಾಮು. ಹೊಸ ನೀರು ಬಂದರೆ ಸಾಕು, ಬಲಿತ ಗೆಂಡೆಗೆ ಅದೇ ಸೂಚನೆ. ಹೊಂಡ ತುಂಬಿಸಿದ ಮರುದಿನವೇ ಅವು ಮೊಟ್ಟೆ ಇಟ್ಟದ್ದು ಅದಕ್ಕೇ. ಒಂದು ಕಿಲೋ ತೂಕದ ಹೆಣ್ಣು ಒಂದು ಲಕ್ಷಕ್ಕೂ ಹೆಚ್ಚು ಮೊಟ್ಟೆ ಇಡಬಲ್ಲದು. ಮೊಟ್ಟೆ ಒಂದೂವರೆ ಮಿಲಿಮೀಟರಿನ ಆಸುಪಾಸು, ಸಾಸಿವೆ ಕಾಳಿನಷ್ಟು. ನೀರು ಸೋಕಿದೊಡನೆ ಮೇಲಿನ ಪದರ ಅಂಟಾಗುತ್ತದೆ, ಎಲ್ಲಿ ಬಿತ್ತೋ ಅಲ್ಲೇ ಕಚ್ಚಿಕೊಳ್ಳುತ್ತದೆ. ಗಂಡು ಬಿಡುವ ಹಾಲಿನಂಥ ದ್ರವದಲ್ಲಿರುವ ವೀರ್ಯಾಣುಗಳು ನೀರಿನಲ್ಲಿ ಚುರುಕಾಗಿರುವುದು ಸುಮಾರು ಒಂದು ನಿಮಿಷ ಮಾತ್ರ. ಮೊಟ್ಟೆಯ ಮೇಲೆ ವೀರ್ಯಾಣು ಒಳಹೊಗಲು ಇರುವ ಒಂದೇ ಒಂದು ಸೂಕ್ಷ್ಮ ರಂಧ್ರವೂ ಮೊಟ್ಟೆ ನೀರು ಕುಡಿದು ಉಬ್ಬುವಷ್ಟರಲ್ಲಿ ಮುಚ್ಚಿಹೋಗುತ್ತದೆ. ಆ ಒಂದು ನಿಮಿಷದಲ್ಲಿ ಗರ್ಭ ಕಟ್ಟದ ಮೊಟ್ಟೆ ಮತ್ತೆಂದೂ ಕಟ್ಟುವುದಿಲ್ಲ. ಗರ್ಭ ಕಟ್ಟಿದ ಮೊಟ್ಟೆ ತಿಳಿ ಹಳದಿಯಾಗಿ, ಪಾರದರ್ಶಕವಾಗಿ ಉಳಿಯುತ್ತದೆ. ಕಟ್ಟದ್ದು ಅಥವಾ ಸತ್ತದ್ದು ಒಂದು ದಿನದೊಳಗೆ ಹಾಲಿನ ಬಣ್ಣಕ್ಕೆ ತಿರುಗುತ್ತದೆ.

ನೀವು ಕಂಡ ಹತ್ತಿ ಒಂದು ಬಗೆಯ ಬೂಷ್ಟು. ಅದು ಮೊದಲು ಹಿಡಿಯುವುದು ಸತ್ತ ಮೊಟ್ಟೆಯನ್ನು. ಅಲ್ಲಿಂದ ಎಳೆ ಚಾಚಿ ಪಕ್ಕದ ಜೀವಂತ ಮೊಟ್ಟೆಯನ್ನೂ ಸುತ್ತಿಕೊಂಡು ಉಸಿರು ಕಟ್ಟಿಸುತ್ತದೆ. ಹಾಗಾಗಿ ಬೂಷ್ಟನ್ನು ಮೂಲ ಕಾರಣವೆಂದು ಹಿಡಿಯಬೇಡಿ. ಮೊದಲ ಮೊಟ್ಟೆಗಳು ಏಕೆ ಸತ್ತವು ಎಂಬುದೇ ಪ್ರಶ್ನೆ.

ನಿಮ್ಮ ವಿವರಣೆಯಿಂದ ನನಗೆ ಹೊಳೆಯುವುದು ಹೀಗೆ. ನಿಮ್ಮದು ಎತ್ತರದ ಬಯಲುಸೀಮೆ, ಜನವರಿಯ ರಾತ್ರಿಗಳು ತಣ್ಣಗಿರುತ್ತವೆ. ನೀರು 25ರಿಂದ 30 ಡಿಗ್ರಿ ಸೆಲ್ಸಿಯಸ್ ಇದ್ದರೆ ಗೆಂಡೆ ಮೊಟ್ಟೆ ಎರಡು–ಮೂರು ದಿನದಲ್ಲಿ ಒಡೆಯುತ್ತದೆ. 20 ಡಿಗ್ರಿಯ ಆಸುಪಾಸಿನಲ್ಲಿ ನಾಲ್ಕು ದಿನದವರೆಗೂ ಎಳೆಯುತ್ತದೆ. ಮೊಟ್ಟೆ ಎಷ್ಟು ನಿಧಾನವೋ ಬೂಷ್ಟಿಗೆ ಅಷ್ಟು ಅವಕಾಶ. ಎರಡನೆಯದು, ಕೊಳವೆಬಾವಿಯಿಂದ ಆಗಷ್ಟೇ ಮೇಲೆತ್ತಿದ ನೀರಿನಲ್ಲಿ ಆಮ್ಲಜನಕ ತೀರಾ ಕಡಿಮೆ. ದೊಡ್ಡ ಮೀನು ಮೇಲಕ್ಕೆ ಬಂದು ಬಾಯಿ ಬಿಡುತ್ತದೆ, ಅಂಟಿಕೊಂಡ ಮೊಟ್ಟೆ ಎಲ್ಲಿಗೆ ಹೋದೀತು? ಮೂರನೆಯದು ದಟ್ಟಣೆ. ಒಂದು ಬೇರಿನ ಮೇಲೆ ಪದರ ಪದರವಾಗಿ ಮೊಟ್ಟೆ ಬಿದ್ದರೆ ಒಳಗಿನವು ಗರ್ಭ ಕಟ್ಟಿದ್ದರೂ ಉಸಿರಿಲ್ಲದೆ ಸಾಯುತ್ತವೆ. ಹಳೆಯ ಅಂತರಗಂಗೆಯ ಬೇರಿಗೆ ಹಿಡಿದ ಕೆಸರು, ಲೋಳೆಯೂ ಇದಕ್ಕೆ ಸೇರಿಕೊಳ್ಳುತ್ತದೆ.

ಪ್ಲಾಸ್ಟಿಕ್ ಹಾಳೆಗೆ ಅಂಟಿದ್ದ ಮೊಟ್ಟೆಗಳ ಕಥೆ ಬೇರೆ, ಅದನ್ನು ನೀವು ಗಮನಿಸಿಲ್ಲ. ಗೆಂಡೆ ಮೊಟ್ಟೆ ಇಡುವುದು ಅಂಚಿನ ಮೇಲ್ನೀರಿನಲ್ಲಿ. ಒಂದೆರಡು ಎಕರೆ ಟೊಮೆಟೊಗೆ ದಿನವೂ ನೀರೆತ್ತಿದರೆ ಇಷ್ಟು ವಿಸ್ತೀರ್ಣದ ಹೊಂಡದ ಮಟ್ಟ ದಿನಕ್ಕೆ ಎರಡು–ಮೂರು ಇಂಚು ಇಳಿಯುತ್ತದೆ. ಅಂತರಗಂಗೆ ನೀರಿನೊಂದಿಗೆ ಕೆಳಗಿಳಿಯುತ್ತದೆ, ಹಾಳೆಗೆ ಅಂಟಿದ ಮೊಟ್ಟೆ ಬಿಸಿಲಿಗೆ ಉಳಿಯುತ್ತದೆ. ಮುಂದಿನ ಬಾರಿ ಹಾಳೆಯ ಮೇಲೆ, ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ನೋಡಿ. ಒಣಗಿದ ಮೊಟ್ಟೆಗಳ ಹುಡಿಹುಡಿಯಾದ ಕಂದು ಗೆರೆ ಕಾಣಬಹುದು. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಗೆ ನೀರುಣಿಸುವ ಹೊಂಡಗಳಲ್ಲಿ ಗೆಂಡೆ ಮರಿ ಉಳಿಯದಿರಲು ನಾನು ಹೆಚ್ಚಾಗಿ ಕಂಡ ಕಾರಣ ಇದೇ. ರೋಗವೂ ಇರುವುದಿಲ್ಲ, ಮೀನಿನ ದೋಷವೂ ಇರುವುದಿಲ್ಲ. ಇದೆಲ್ಲ ದಾಟಿ ಒಡೆದ ಮರಿಯನ್ನೂ ಮೊಟ್ಟೆಯನ್ನೂ ತಿನ್ನುವವರು ಅದೇ ಹೊಂಡದಲ್ಲಿರುತ್ತಾರೆ. ಹೆತ್ತ ಗೆಂಡೆಯೇ ತನ್ನ ಮೊಟ್ಟೆ ತಿನ್ನುತ್ತದೆ.

ಇನ್ನು ಕಾಟ್ಲಾ, ರೋಹು. ಇವು ಮೂಲದಲ್ಲಿ ದೊಡ್ಡ ಹೊಳೆಗಳ ಮೀನುಗಳು. ಮುಂಗಾರಿನಲ್ಲಿ ಹೊಳೆ ಉಕ್ಕಿ ಪಕ್ಕದ ತಗ್ಗು ಬಯಲಿಗೆ ನುಗ್ಗಿದಾಗ ಆ ಹರಿವಿನಲ್ಲಿ ಮೊಟ್ಟೆ ಬಿಡುತ್ತವೆ. ಅವುಗಳ ಮೊಟ್ಟೆಗೆ ಅಂಟಿಲ್ಲ. ನೀರು ಹೀರಿ ನಾಲ್ಕೈದು ಮಿಲಿಮೀಟರಿಗೆ ಉಬ್ಬಿ, ಹರಿವಿನಲ್ಲಿ ಉರುಳುತ್ತ ತೇಲುತ್ತ 14ರಿಂದ 18 ಗಂಟೆಯಲ್ಲಿ ಒಡೆಯುತ್ತವೆ. ನಿಂತ ಹೊಂಡದಲ್ಲಿ ಮೇವು ಚೆನ್ನಾಗಿದ್ದರೆ ಮೊಟ್ಟೆ ಬಲಿಯುವುದೇನೋ ಬಲಿಯುತ್ತದೆ. ಕೊನೆಯ ಒಂದು ಮೆಟ್ಟಿಲು ಮಾತ್ರ ಬಾಕಿ ಉಳಿಯುತ್ತದೆ. ಅದನ್ನು ದಾಟಿಸಬೇಕಾದ ಹಾರ್ಮೋನನ್ನು ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿ ಬಿಡಬೇಕು. ಹರಿವು, ಹೊಸ ನೀರು, ಇಳಿದ ತಾಪಮಾನ ಯಾವುದೂ ಇಲ್ಲದಿದ್ದರೆ ಮಿದುಳಿನ ಡೋಪಮೈನ್ ಎಂಬ ರಾಸಾಯನಿಕ ಆ ಹಾರ್ಮೋನನ್ನು ತಡೆಹಿಡಿಯುತ್ತದೆ. ನಿಮ್ಮ ಕಾಟ್ಲಾ ಬಂಜೆಯೂ ಅಲ್ಲ, ಅದಕ್ಕೆ ಕಾಯಿಲೆಯೂ ಇಲ್ಲ. ಹೊಳೆ ಬಂದಿಲ್ಲ ಎಂದು ಅದರ ದೇಹಕ್ಕೆ ಗೊತ್ತು.

ಹಾಗೆ ಉಳಿದ ಮೊಟ್ಟೆಯಿಂದ ಹೊಟ್ಟೆ ಒಡೆಯುತ್ತದೆ ಎಂಬುದು ನಿಜವಲ್ಲ. ಮುಂಗಾರು ಮುಗಿಯುತ್ತ ಬಂದಂತೆ ಮೊಟ್ಟೆಗಳು ಒಳಗೇ ಕರಗಿ ಮೀನಿನ ದೇಹಕ್ಕೆ ಸೇರುತ್ತವೆ, ಹೊಟ್ಟೆ ಇಳಿಯುತ್ತದೆ, ಮರುವರ್ಷ ಮತ್ತೆ ಹೊಸ ಮೊಟ್ಟೆ ಬೆಳೆಯುತ್ತದೆ. ಒಂದು ಎಚ್ಚರಿಕೆ ಮಾತ್ರ ಬೇಕು. ಹೊಟ್ಟೆ ಉಬ್ಬಿರುವುದರ ಜೊತೆಗೆ ಹುರುಪೆಗಳು ಮೈಯಿಂದ ಎದ್ದು ನಿಂತಿದ್ದರೆ, ಕಣ್ಣು ಹೊರಚಾಚಿದ್ದರೆ ಅದು ಬಸಿರಲ್ಲ, ನೀರು ತುಂಬುವ ರೋಗ. ಅಂಥ ಮೀನನ್ನು ಕೂಡಲೇ ತೆಗೆಯಿರಿ. ಬಸುರಿ ಮೀನಿನ ಹೊಟ್ಟೆ ಮೆತ್ತಗಿರುತ್ತದೆ, ಮೈ ನುಣುಪಾಗಿರುತ್ತದೆ, ಮೊಟ್ಟೆ ಇಡುವ ದ್ವಾರ ಊದಿ ಗುಲಾಬಿಯಾಗಿರುತ್ತದೆ. ಹಂಗಾಮಿನಲ್ಲಿ ಗಂಡಿನ ಎದೆಯ ರೆಕ್ಕೆಯ ಒಳಮೈ ಸವರಿದರೆ ಬೆರಳಿಗೆ ಒರಟು ಹತ್ತುತ್ತದೆ, ಹೆಣ್ಣಿನದು ನಯ. ಇದೊಂದನ್ನು ಕೈಯಿಂದ ಕಲಿತುಕೊಳ್ಳಿ, ಮುಂದೆ ಬೇಕಾಗುತ್ತದೆ.

ಗುಡುಗಿನ ಮಾತನ್ನು ಹಿರಿಯರು ಸುಮ್ಮನೆ ಹೇಳಿದ್ದಲ್ಲ. ಗುಡುಗಿನ ಜೊತೆ ಮಳೆ ಬರುತ್ತದೆ, ನೀರು ತಂಪಾಗುತ್ತದೆ, ಕೆರೆಗೆ ಹೊಸ ನೀರು ಹರಿಯುತ್ತದೆ, ಅದರ ಲವಣಾಂಶ ಇಳಿಯುತ್ತದೆ. ಮೀನು ಮೊಟ್ಟೆ ಇಡುವುದು ಈ ಬದಲಾವಣೆಗಳಿಂದ. ಇಟ್ಟ ಮೊಟ್ಟೆ ಒಡೆಯಲು ಸದ್ದಿನ ಅಗತ್ಯವಿಲ್ಲ. ಹದವಾದ ಬಿಸಿ ಮತ್ತು ಆಮ್ಲಜನಕ ಸಾಕು.

ಒಣಗಿದ ಕೆರೆಯ ಮೀನಿನ ವಿಚಾರವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ 2021ರ ನವೆಂಬರ್ ಮಳೆಗೆ ನಿಮ್ಮ ಸೀಮೆಯ ಎಷ್ಟೋ ಕೆರೆಗಳು ಬಹುಕಾಲದ ಮೇಲೆ ಕೋಡಿ ಹರಿದಾಗ ಈ ಪ್ರಶ್ನೆಯನ್ನು ಹಲವರು ಕೇಳಿದ್ದರು. ಒಣ ಮಣ್ಣಿನಲ್ಲಿ ಮೊಟ್ಟೆ ಬದುಕುಳಿದು ಮಳೆ ಬಂದಾಗ ಒಡೆಯುವ ಮೀನುಗಳು ಲೋಕದಲ್ಲಿ ಇಲ್ಲದಿಲ್ಲ. ಆಫ್ರಿಕಾ ಮತ್ತು ದಕ್ಷಿಣ ಅಮೆರಿಕದ ಕೆಲವು ಪುಟ್ಟ ಮೀನುಗಳು ಹಾಗೆ ಮಾಡುತ್ತವೆ. ನಮ್ಮ ಕಾಟ್ಲಾ, ರೋಹು, ಗೆಂಡೆಗಳಿಗೆ ಆ ಶಕ್ತಿ ಇಲ್ಲ, ಅವುಗಳ ಮೊಟ್ಟೆ ಒಣಗಿದರೆ ಸತ್ತಂತೆಯೇ. ಹಾಗಾದರೆ ಮೀನು ಬಂದದ್ದು ಎಲ್ಲಿಂದ? ನಮ್ಮ ಕೆರೆಗಳು ಒಂಟಿಯಾಗಿಲ್ಲ, ಸರಪಳಿಯಂತೆ ಕಟ್ಟಿದವು. ಮೇಲಿನ ಕೆರೆಯ ಕೋಡಿ ನೀರಿನೊಂದಿಗೆ ಮರಿಗಳು ಇಳಿದು ಬರುತ್ತವೆ, ಕೆಳಗಿನ ಕೆರೆಯ ಮೀನುಗಳು ಕಾಲುವೆಯಲ್ಲಿ ಎದುರು ನೀರಿಗೆ ಏರಿ ಬರುತ್ತವೆ. ಬೆಂಗಳೂರಿನಿಂದ ಸಂಸ್ಕರಿಸಿ ಕಳಿಸುವ ಕೆ.ಸಿ. ವ್ಯಾಲಿ ನೀರು ಒಂದರಿಂದ ಒಂದಕ್ಕೆ ಹರಿಯುವ ಕೆರೆಗಳಲ್ಲಿ ಈ ಓಡಾಟ ಇನ್ನೂ ಸುಲಭ. ಕೊರವ ಮೀನಿನ ಜಾತಿಯವು ಗಾಳಿಯನ್ನೇ ಉಸಿರಾಡಬಲ್ಲವು. ಒದ್ದೆ ನೆಲದಲ್ಲಿ ತೆವಳಬಲ್ಲವು, ಕೆಸರಿನಲ್ಲಿ ಹುದುಗಿ ದಿನ ನೂಕಬಲ್ಲವು. ತೂಬಿನ ಗುಂಡಿಯಲ್ಲೋ ಕೆರೆಯೊಳಗಿನ ತೆರೆದ ಬಾವಿಯಲ್ಲೋ ಉಳಿದ ನಾಲ್ಕು ಮೀನು ಸಾಕು. ಅದರಲ್ಲೂ ಜಿಲೇಬಿ ಮೀನಿನ ಹೆಣ್ಣು ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲಿಟ್ಟು ಕಾಯುತ್ತದೆ, ವರ್ಷಕ್ಕೆ ಹಲವು ಸಲ ಮರಿ ಮಾಡುತ್ತದೆ. 1952ರಲ್ಲಿ ಭಾರತಕ್ಕೆ ಬಂದ ಮೀನು ಇಂದು ಇಷ್ಟೊಂದು ಕೆರೆಗಳಲ್ಲಿ ತುಂಬಿರುವುದು ಆ ಗುಣದಿಂದ. ಗೋಡು ಮಣ್ಣು ತಂದು ಸುರಿದರೆ ಮೀನು ಮರಿ ಬಾರದು, ನೀರು ಕದಡುತ್ತದೆ, ಹನಿ ನೀರಾವರಿಯ ಫಿಲ್ಟರ್ ಕಟ್ಟುತ್ತದೆ. ಆ ಮಣ್ಣನ್ನು ಟೊಮೆಟೊ ಸಾಲಿಗೆ ಹಾಕಿ.

ಇಂಜೆಕ್ಷನ್ ವಿಚಾರಕ್ಕೆ ಬರೋಣ. ಅದು ಮೋಸದ ವಿದ್ಯೆಯಲ್ಲ. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಕೆ.ಎಚ್. ಅಲಿಕುಂಞಿ ಅವರು ಪಿಟ್ಯುಟರಿ ಗ್ರಂಥಿಯ ಸಾರ ಚುಚ್ಚಿ ಕಾಟ್ಲಾ, ರೋಹು ಬಳಗದ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನೇ ಇಂದು ರಾಷ್ಟ್ರೀಯ ಮೀನು ಕೃಷಿಕರ ದಿನವಾಗಿ ಆಚರಿಸುತ್ತೇವೆ. ಅದಕ್ಕೂ ಮೊದಲು ಬಂಗಾಳದ ಹೊಳೆಗಳಲ್ಲಿ ಬಲೆ ಹಾಕಿ ಮರಿ ಹಿಡಿದು ದೇಶಕ್ಕೆಲ್ಲ ಸಾಗಿಸಬೇಕಿತ್ತು. ಈಗ ಗ್ರಂಥಿಯ ಬದಲು ಸಿದ್ಧ ಔಷಧಿಗಳಿವೆ. ಗ್ರಂಥಿಯನ್ನು ಪ್ರಚೋದಿಸುವ ಹಾರ್ಮೋನಿನ ಕೃತಕ ರೂಪ ಒಂದು, ಡೋಪಮೈನ್ ತಡೆಯನ್ನು ತೆಗೆಯುವ ಡೋಂಪೆರಿಡೋನ್ ಇನ್ನೊಂದು, ಎರಡೂ ಒಂದೇ ಶೀಶೆಯಲ್ಲಿ. ಹೆಣ್ಣಿಗೆ ಕಿಲೋಗೆ ಅರ್ಧ ಮಿಲಿಲೀಟರಿನ ಆಸುಪಾಸು, ಗಂಡಿಗೆ ಅದರ ಅರ್ಧ.

ಆದರೂ ಆ ವ್ಯಕ್ತಿಗೆ ಹಣ ಕೊಡಬೇಡಿ ಎಂದೇ ನನ್ನ ಸಲಹೆ. ಚುಚ್ಚುಮದ್ದು ಮೊಟ್ಟೆ ಇಡಿಸುತ್ತದೆ, ಮರಿ ಮಾಡುವುದಿಲ್ಲ. ನಿಮ್ಮ ಹೊಂಡದಲ್ಲಿ ಹರಿವಿಲ್ಲ. ಕಾಟ್ಲಾ ಇಟ್ಟ ಮೊಟ್ಟೆ ತಳಕ್ಕೆ ಕೂತು, ಉಸಿರುಗಟ್ಟಿ, ರಾತ್ರಿಯೊಳಗೆ ಉಳಿದ ಮೀನಿನ ಹೊಟ್ಟೆ ಸೇರುತ್ತದೆ. ಮೊಟ್ಟೆ ಸದಾ ಸುತ್ತುತ್ತಿರುವಂತೆ ನೀರು ತಿರುಗಿಸುವ ವೃತ್ತಾಕಾರದ ತೊಟ್ಟಿಗಳು, ದಿನದ ಇಪ್ಪತ್ತನಾಲ್ಕು ಗಂಟೆ ವಿದ್ಯುತ್ತು, ವರ್ಷವಿಡೀ ಪ್ರತ್ಯೇಕವಾಗಿ ಮೇಯಿಸಿದ ತಾಯಿಮೀನು ಇವೆಲ್ಲ ಇದ್ದ ಕಡೆ ಮಾತ್ರ ಆ ಕೆಲಸ ಕೂಡುತ್ತದೆ. ಬಲೆಗೆ ಸಿಕ್ಕು ಒದ್ದಾಡಿದ ಕಾಟ್ಲಾ ಹುರುಪೆ ಕಳೆದುಕೊಂಡು ಸಾಯುವುದೂ ಸಾಮಾನ್ಯ. ಕಾಟ್ಲಾ, ರೋಹು, ಗೆಂಡೆ ಈ ಮೂರರಲ್ಲಿ ತೀರಾ ನಾಜೂಕಿನದು ಅದೇ.

ನಿಮ್ಮದೇ ಮರಿ ಬೇಕೆಂಬ ಆಸೆ ನ್ಯಾಯವಾದದ್ದು. ಅದಕ್ಕೆ ಗೆಂಡೆಯನ್ನು ಹಿಡಿಯಿರಿ. ಮಾರ್ಚ್ ಇನ್ನೂ ಕೈಯಲ್ಲಿದೆ, ಆಗ ನೀರು ಬೆಚ್ಚಗಿರುತ್ತದೆ. ಬಲಿತ ಹೆಣ್ಣು ಗಂಡುಗಳನ್ನು ಹತ್ತು ಹದಿನೈದು ದಿನ ಬೇರೆ ಬೇರೆ ಬಲೆಯಲ್ಲಿಡಿ. ನಂತರ ಒಂದು ಸಂಜೆ, ಎರಡು ಮೂರು ಮೀಟರ್ ಉದ್ದದ ಬಟ್ಟೆಬಲೆಯ ಪೆಟ್ಟಿಗೆಯೊಳಗೆ, ನಾವು ಹಾಪಾ ಎನ್ನುವುದು ಅದನ್ನೇ, ಒಂದು ಹೆಣ್ಣಿಗೆ ಎರಡು ಗಂಡಿನಂತೆ ಬಿಡಿ. ಹಾಪಾವನ್ನು ಗೂಟಕ್ಕೆ ಕಟ್ಟಬೇಡಿ. ಖಾಲಿ ಕ್ಯಾನುಗಳಿಗೆ ಕಟ್ಟಿ ತೇಲಿಬಿಡಿ, ಆಗ ಟೊಮೆಟೊಗೆ ನೀರೆತ್ತಿದರೂ ಅದು ನೀರಿನ ಜೊತೆಯಲ್ಲೇ ಇಳಿಯುತ್ತದೆ. ಒಳಗೆ ತೊಳೆದ ಜಲಸಸ್ಯ ಅಥವಾ ಬಿಡಿಸಿದ ತೆಂಗಿನ ನಾರನ್ನು ಹರಡಿ. ಸಸ್ಯವಾದರೆ ಉಪ್ಪುನೀರಿನಲ್ಲಿ ಅದ್ದಿ, ಮತ್ತೆ ಸಿಹಿನೀರಿನಲ್ಲಿ ಜಾಲಿಸಿ ಹಾಕಿ, ಇಲ್ಲವಾದರೆ ಹುಳುಗಳೂ ಒಳಗೆ ಬರುತ್ತವೆ. ಬೆಳಗಾಗುವಷ್ಟರಲ್ಲಿ ಮೊಟ್ಟೆ ಕಾಣದಿದ್ದರೆ ಇನ್ನೊಂದು ರಾತ್ರಿ ಕಾಯಿರಿ. ಕಂಡರೆ ತಾಯಿಮೀನುಗಳನ್ನು ಹೊರಗೆ ಬಿಟ್ಟು, ಮೊಟ್ಟೆ ಹಿಡಿದ ನಾರನ್ನು ಸಣ್ಣ ಕಣ್ಣಿನ ಇನ್ನೊಂದು ಹಾಪಾಕ್ಕೆ ದಟ್ಟವಾಗದಂತೆ ಸಾಗಿಸಿ. ಹತ್ತಿರದಲ್ಲಿ ಪಂಪಿನ ನೀರು ಎತ್ತರದಿಂದ ಬೀಳುವಂತೆ ಮಾಡಿ.

ಮರುದಿನ ಒಂದು ನಾರಿನ ಎಳೆಯನ್ನು ಗಾಜಿನ ಲೋಟದಲ್ಲಿಟ್ಟು ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಗಾದವನ್ನು ಎಳೆಸಹಿತ ಕಿತ್ತು ಬಿಸಾಡಿ. ಬೂಷ್ಟಿಗೆಂದು ಮಾಲಕೈಟ್ ಗ್ರೀನ್ ಎಂಬ ರಾಸಾಯನಿಕವನ್ನು ಎಂದೂ ಬಳಸಬೇಡಿ, ತಿನ್ನುವ ಮೀನಿಗೆ ಅದು ನಿಷಿದ್ಧ. ಪಾರದರ್ಶಕ ಮೊಟ್ಟೆಯೊಳಗೆ ಎರಡು ಕಪ್ಪು ಚುಕ್ಕೆ ಕಂಡರೆ ಅವು ಕಣ್ಣುಗಳು. ಸ್ವಲ್ಪ ಹೊತ್ತು ನೋಡುತ್ತಿದ್ದರೆ ಬಾಲ ಅದುರುವುದೂ ಕಾಣುತ್ತದೆ. ಇಷ್ಟು ವರ್ಷವಾದರೂ ನನಗೆ ಅದನ್ನು ನೋಡುವುದರಲ್ಲಿ ಬೇಸರ ಬಂದಿಲ್ಲ. ಒಡೆದು ಬಂದ ಮರಿ ಐದು ಮಿಲಿಮೀಟರ್ ಉದ್ದದ ಎಳೆ, ಹೊಟ್ಟೆಯ ಕೆಳಗೆ ಹಳದಿ ಭಂಡಾರದ ಚೀಲ. ಎರಡು ಮೂರು ದಿನ ಅದು ತಲೆಯ ಬಳಿಯ ಅಂಟಿನಿಂದ ನಾರಿಗೆ ಜೋತುಬಿದ್ದಿರುತ್ತದೆ. ಬಾಯಿ ಇನ್ನೂ ತೆರೆದಿಲ್ಲ. ಆಗ ಮೇವು ಹಾಕಿದರೆ ನೀರು ಕೆಡುತ್ತದೆ ಅಷ್ಟೆ. ಸತ್ತಿವೆ ಎಂದುಕೊಂಡು ಈ ಹಂತದಲ್ಲಿ ಚೆಲ್ಲಿದವರೂ ಇದ್ದಾರೆ. ಚೀಲ ಕರಗಿ, ಗಾಳಿಚೀಲ ತುಂಬಿ, ಸಮತಟ್ಟಾಗಿ ಈಜಲು ತೊಡಗಿದಾಗ ಹಸಿವು ಶುರು. ಬೇಯಿಸಿದ ಕೋಳಿಮೊಟ್ಟೆಯ ಹಳದಿಯನ್ನು ಬಟ್ಟೆಯಲ್ಲಿ ಸೋಸಿ ಒಂದೆರಡು ದಿನ ಕೊಡಬಹುದು. ಆಮೇಲೆ ಅವಕ್ಕೆ ಬೇಕಾದದ್ದು ನೀರಿನಲ್ಲಿ ಹುಟ್ಟುವ ಸೂಕ್ಷ್ಮ ಜೀವಿಗಳು.

ಮರಿ ಉಳಿಯುವುದೂ ಅಳಿಯುವುದೂ ಇಲ್ಲೇ ತೀರ್ಮಾನವಾಗುತ್ತದೆ. ಪ್ಲಾಸ್ಟಿಕ್ ಹೊಂಡದ ತಳದಲ್ಲಿ ಮಣ್ಣಿಲ್ಲ, ಮೂರು ಮೀಟರ್ ಆಳ, ಮೇಲೆ ದೊಡ್ಡ ಮೀನು. ಅದು ಮರಿಗಳ ಜಾಗವಲ್ಲ. ಪಕ್ಕದಲ್ಲಿ ಹತ್ತು ಮೀಟರ್ ಉದ್ದ, ಐದು ಮೀಟರ್ ಅಗಲ, ಒಂದು ಮೀಟರ್ ಆಳದ ಮಣ್ಣಿನ ಗುಂಡಿ ಮಾಡಿ. ಸುಣ್ಣ ಎರಚಿ, ನೀರು ಕಟ್ಟಿ, ಹಸಿ ಸಗಣಿ ಮತ್ತು ನೆನೆಸಿದ ಕಡಲೆಕಾಯಿ ಹಿಂಡಿ ಹಾಕಿದರೆ ಕೆಲವೇ ದಿನಗಳಲ್ಲಿ ನೀರು ಹಸಿರು ಕಂದಾಗುತ್ತದೆ. ಬೆನ್ನಡಿಯಾಗಿ ಈಜುವ ನೀರು ತಿಗಣೆ, ಏರೋಪ್ಲೇನ್ ಚಿಟ್ಟೆಯ ಮರಿಹುಳು ಇವೆರಡು ರಾತ್ರಿಯೊಂದರಲ್ಲಿ ನೂರಾರು ಮರಿ ಮುಗಿಸುತ್ತವೆ. ಮರಿ ಬಿಡುವ ಹಿಂದಿನ ದಿನ, ಗಾಳಿ ಇಲ್ಲದ ಹೊತ್ತಿನಲ್ಲಿ, 280 ಗ್ರಾಂ ಅಡುಗೆ ಎಣ್ಣೆಗೆ 90 ಗ್ರಾಂ ಬಟ್ಟೆ ಸೋಪು ಕಲಸಿ ನೀರಿನ ಮೇಲೆ ಹರಡಿ. ನೀರು ತಿಗಣೆಯಂತೆ ಉಸಿರಿಗೆ ಮೇಲೆ ಬರುವ ಹುಳುಗಳು ಸಾಯುತ್ತವೆ. ಇಷ್ಟು ಗುಂಡಿಗೆ ಹದಿನೈದು ಸಾವಿರ ಎಳೆಮರಿ ಬಿಡಬಹುದು. ಕಡಲೆಕಾಯಿ ಹಿಂಡಿ ಮತ್ತು ಅಕ್ಕಿ ತೌಡಿನ ನುಣುಪು ಪುಡಿಯನ್ನು ಸಮ ಕಲಸಿ ಕೊಡಿ. ಎರಡು–ಮೂರು ವಾರದಲ್ಲಿ ಒಂದು ಇಂಚಿನ ಮರಿ ನಾಲ್ಕೈದು ಸಾವಿರ ಸಿಕ್ಕರೆ ಅದು ಒಳ್ಳೆಯ ಫಲ, ಸೋಲೆಂದು ಎಣಿಸಬೇಡಿ.

ಟೊಮೆಟೊ ಪಕ್ಕದಲ್ಲೇ ಇರುವುದು ನನಗೆ ದೊಡ್ಡ ಚಿಂತೆ. ಸೈಪರ್‌ಮೆಥ್ರಿನ್ ಗುಂಪಿನ ಕೀಟನಾಶಕಗಳು ಮನುಷ್ಯರಿಗಿಂತ ಮೀನಿಗೆ ಎಷ್ಟೋ ಪಾಲು ಹೆಚ್ಚು ವಿಷ. ಗಾಳಿಯಲ್ಲಿ ತೇಲಿ ಬಂದ ಸಿಂಪಡಣೆ ಮೊದಲು ಸೂಕ್ಷ್ಮ ಜೀವಿಗಳನ್ನು ಕೊಲ್ಲುತ್ತದೆ, ಮರಿಗಳು ಹಸಿವಿನಿಂದ ಸಾಯುತ್ತವೆ, ಕಾರಣವೇ ತಿಳಿಯುವುದಿಲ್ಲ. ಔಷಧಿ ಪಂಪನ್ನು ಹೊಂಡದ ಬಳಿ ಎಂದೂ ತೊಳೆಯಬೇಡಿ. ಲಾರಿಯ ಮರಿ ವಾರದೊಳಗೆ ಸಾಯುವುದಕ್ಕೂ ಇದು ಒಂದು ಕಾರಣವಿರಬಹುದು. ಮತ್ತೊಂದು, ದೂರದ ಪ್ರಯಾಣದಲ್ಲಿ ಬಳಲಿದ ಮರಿಯನ್ನು ಚೀಲದಿಂದ ನೇರ ಗಡಸು ನೀರಿಗೆ ಸುರಿಯುವುದು. ಚೀಲವನ್ನು ಇಪ್ಪತ್ತು ನಿಮಿಷ ಹೊಂಡದಲ್ಲಿ ತೇಲಿಸಿ, ಸ್ವಲ್ಪ ಸ್ವಲ್ಪವೇ ಹೊಂಡದ ನೀರು ಬೆರೆಸಿ ಬಿಡಿ. ಕೊಳ್ಳುವ ಮೊದಲು ಒಂದು ಬೇಸಿನ್‌ನಲ್ಲಿ ನೀರನ್ನು ಕೈಯಿಂದ ತಿರುಗಿಸಿ ನೋಡಿ. ಗಟ್ಟಿ ಮರಿ ಹರಿವಿಗೆ ಎದುರಾಗಿ ಈಜುತ್ತದೆ, ನಿತ್ರಾಣದ ಮರಿ ನಡುವೆ ಬಂದು ಕೂರುತ್ತದೆ.

ಗೆಂಡೆ ಮರಿ ಮಾಡುವುದರಲ್ಲಿ ಒಂದು ಅಪಾಯವೂ ಇದೆ. ಅಣ್ಣ ತಂಗಿಯರಿಂದಲೇ ತಲೆಮಾರು ಮುಂದುವರಿಸಿದರೆ ಬೆಳವಣಿಗೆ ಕುಂಠಿತವಾಗುತ್ತದೆ. ಬೇಗ ಬಲಿಯುವ ತಳಿ ಮಾಂಸ ಕೂಡಿಸುವ ಬದಲು ಮೊಟ್ಟೆ ಕೂಡಿಸುತ್ತದೆ. ಎರಡು ಮೂರು ವರ್ಷಕ್ಕೊಮ್ಮೆ ಹೊರಗಿನ ತಾಯಿಮೀನು ತನ್ನಿ. ನಿಧಾನವಾಗಿ ಬಲಿತು ಬೇಗ ಬೆಳೆಯುವ ಅಮೂರ್ ಗೆಂಡೆಯನ್ನು ಹೆಸರಘಟ್ಟದ ಮೀನುಗಾರಿಕೆ ಸಂಶೋಧನಾ ಕೇಂದ್ರದವರು ರೈತರಿಗೆ ಪರಿಚಯಿಸಿದ್ದಾರೆ. ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಕಾಟ್ಲಾ, ರೋಹುಗಳಿಗೆ ನಿಮ್ಮಲ್ಲಿ ಕೊಳ್ಳುವುದೊಂದೇ ದಾರಿ. ಜುಲೈ–ಆಗಸ್ಟ್‌ನಲ್ಲಿ ಇಲಾಖೆಯ ಕೇಂದ್ರಗಳಿಂದ ಮೂರು ನಾಲ್ಕು ಇಂಚಿನ ಮರಿಯನ್ನೇ ಕೇಳಿ, ನಾಲ್ಕುನೂರು ಸಾಕು. ಸಣ್ಣದು ಅಗ್ಗವೆಂದು ತಂದರೆ ದೊಡ್ಡ ಮೀನಿನ ನಡುವೆ ಉಳಿಯುವುದು ಕಷ್ಟ. ಈಗಿರುವ ಕಾಟ್ಲಾಗಳನ್ನು ಮೊಟ್ಟೆಯ ಆಸೆಗೆ ಇನ್ನೊಂದು ವರ್ಷ ಇಟ್ಟುಕೊಳ್ಳಬೇಡಿ. ತಿಂದದ್ದರಲ್ಲಿ ಒಂದು ಪಾಲು ಮೊಟ್ಟೆಗೇ ಹೋಗುವುದರಿಂದ ತೂಕ ಏರುವುದು ನಿಧಾನವಾಗುತ್ತದೆ. ಬೇಸಿಗೆಯಲ್ಲಿ ಹೊಂಡದ ನೀರು ತಗ್ಗುವ ಮೊದಲು, ಬೆಳಗಿನ ತಂಪಿನಲ್ಲಿ ಬಲೆ ಹಾಕಿ ಮಾರಿಬಿಡಿ. ಗೆಂಡೆಯಲ್ಲಿ ಮಾತ್ರ ಚೆನ್ನಾಗಿ ಬೆಳೆದ ಎರಡು ಹೆಣ್ಣು, ನಾಲ್ಕು ಗಂಡು ಆರಿಸಿ ಉಳಿಸಿಕೊಳ್ಳಿ.